ಹೊಸತೊಡಕಿನ ಮಟನ್ ಸಾರು ಮಾರನೇ ದಿನಕ್ಕೆ ವಿಷವಾಗುತ್ತದೆಯೇ? ಫಾರ್ವರ್ಡ್ ಹೇಳುವುದೇನು, ವಿಜ್ಞಾನ ಹೇಳುವುದೇನು?

ಯುಗಾದಿಯ ಮಾರನೇ ದಿನ ಹೊಸತೊಡಕು. ಕೆಲವರು ವರ್ಷತೊಡಕು ಎನ್ನುತ್ತಾರೆ. ಹಬ್ಬದ ದಿನ ಬೇವು ಬೆಲ್ಲ, ಒಬ್ಬಟ್ಟು ಮುಗಿದಿರುತ್ತದೆ. ಹಳೇ ಮೈಸೂರು ಭಾಗದ ಬಹಳಷ್ಟು ಮನೆಗಳಲ್ಲಿ ಮಾರನೇ ದಿನ ಬಾಡೂಟ. ಬೆಂಗಳೂರಿನ ಕನಕಪುರ ರಸ್ತೆಯ ಜರಗನಹಳ್ಳಿ ಇವತ್ತು ಮೆಟ್ರೊ, ಅಪಾರ್ಟ್‌ಮೆಂಟ್‌ಗಳ ನಡುವೆ ಸೇರಿಹೋಗಿದ್ದರೂ ಹೊಸತೊಡಕಿನ ಬೆಳಿಗ್ಗೆ ಮಾತ್ರ ಇನ್ನೂ ಹಳ್ಳಿಯೇ. ಬೆಳಕು ಹರಿಯುವ ಮೊದಲೇ ಮಟನ್ ಅಂಗಡಿಗಳ ಮುಂದೆ ಸಾಲು ನಿಂತಿರುತ್ತದೆ.

2025ರಲ್ಲಿ ಹೊಸತೊಡಕು ಮಾರ್ಚ್ 31ಕ್ಕೆ ಬಂತು. ಅದೇ ದಿನ ರಂಜಾನ್ ಹಬ್ಬವೂ ಇತ್ತು. ಅದಾದ ಎರಡೇ ದಿನಕ್ಕೆ ನಮ್ಮ ತಂಡದ ಒಬ್ಬರಿಗೆ ಅವರ ಬೀದಿಯ ವಾಟ್ಸ್ಆ್ಯಪ್ ಗುಂಪಿನಿಂದ ಒಂದು ಧ್ವನಿ ಸಂದೇಶ ಬಂತು. "ಆ ಅಂಗಡಿ ಮಟನ್ ತಿಂದು ಒಂದೇ ಮನೆಯ ನಾಲ್ಕು ಜನಕ್ಕೆ ವಾಂತಿ ಭೇದಿ ಆಗಿದೆ. ಕುರಿಗಳಿಗೆ ಇಂಜೆಕ್ಷನ್ ಕೊಟ್ಟು ದಪ್ಪ ಮಾಡ್ತಿದ್ದಾರೆ. ಯಾರೂ ತಗೋಬೇಡಿ, ಎಲ್ಲರಿಗೂ ಕಳಿಸಿ" ಎಂಬುದು ಅದರ ಸಾರಾಂಶ. ಸಂದೇಶ ಬೀದಿಯಿಂದ ಬೀದಿಗೆ ಹೋಯಿತು. ಅಂಗಡಿಯವರಿಗೆ ಮುಂದಿನ ಎರಡು ಭಾನುವಾರ ವ್ಯಾಪಾರವೇ ಆಗಲಿಲ್ಲ.

ನಾಲ್ಕು ಜನಕ್ಕೆ ಹುಷಾರು ತಪ್ಪಿದ್ದು ನಿಜ. ಅಂಗಡಿಯ ಮಾಂಸದಿಂದ ತಪ್ಪಿತು ಎಂಬುದು ನಿಜವೇ? ನಾವು ಆ ಮನೆಯವರ ಜೊತೆ ಕೂತು ಒಂದು ಸರಳ ಪ್ರಶ್ನೆ ಕೇಳಿದೆವು: ಯಾರು, ಯಾವಾಗ, ಏನು ತಿಂದಿರಿ?

ಯಾರು, ಯಾವಾಗ, ಏನು ತಿಂದರು?

ಆ ದಿನ ಮನೆಯಲ್ಲಿ ನೆಂಟರೂ ಸೇರಿ 14 ಜನ ಇದ್ದರು. ಐದು ಕೆಜಿ ಕುರಿ ಮಾಂಸ ತಂದು, ದೊಡ್ಡ ಪಾತ್ರೆಯಲ್ಲಿ ಸಾರು ಮಾಡಿದ್ದರು. ಮಧ್ಯಾಹ್ನ ಎರಡು ಗಂಟೆಗೆ 14 ಜನವೂ ಮುದ್ದೆ, ಸಾರು, ಅನ್ನ ಊಟ ಮಾಡಿದರು. ಉಳಿದ ಸಾರು ಅದೇ ಪಾತ್ರೆಯಲ್ಲಿ, ಮುಚ್ಚಳ ಮುಚ್ಚಿ, ಒಲೆಯ ಮೇಲೆಯೇ ಇತ್ತು. ನೆಂಟರು ಸಂಜೆ ಹೊರಟರು. ರಾತ್ರಿ ಒಂಬತ್ತೂವರೆಗೆ ಮನೆಯ ಐದು ಜನ ಮತ್ತೆ ಅದೇ ಸಾರು ತಿಂದರು. "ಕುದಿಸಿದ್ರಾ ಅಮ್ಮ?" ಎಂದು ಕೇಳಿದೆವು. "ಇಲ್ಲಪ್ಪ, ಇನ್ನೂ ಬೆಚ್ಚಗೇ ಇತ್ತು. ಸ್ವಲ್ಪ ಬಿಸಿ ತಾಗಿಸಿ ಬಡಿಸಿದೆ" ಎಂದರು ಮನೆಯ ಹಿರಿಯಕ್ಕ. ಅಜ್ಜಿ ಮಾತ್ರ ರಾತ್ರಿ ಮಜ್ಜಿಗೆ ಅನ್ನ ಉಂಡು ಮಲಗಿದ್ದರು.

ಬೆಳಗಿನ ಜಾವ ಆರರ ಹೊತ್ತಿಗೆ, ರಾತ್ರಿ ಸಾರು ತಿಂದ ಐವರಲ್ಲಿ ನಾಲ್ವರಿಗೆ ಹೊಟ್ಟೆ ನುಲಿತ, ಭೇದಿ. ಏಳು ವರ್ಷದ ಹುಡುಗನನ್ನು ಕ್ಲಿನಿಕ್‌ಗೆ ಕರೆದುಕೊಂಡು ಹೋಗಬೇಕಾಯಿತು. ಮಧ್ಯಾಹ್ನ ಮಾತ್ರ ತಿಂದ ಒಂಬತ್ತು ಜನಕ್ಕೆ ಏನೂ ಆಗಿರಲಿಲ್ಲ. ಅಜ್ಜಿಗೂ ಏನೂ ಆಗಿರಲಿಲ್ಲ.

ಇಲ್ಲಿಯೇ ಧ್ವನಿ ಸಂದೇಶದ ಮಾತು ಬಿದ್ದುಹೋಗುತ್ತದೆ. ಮಾಂಸ ಒಂದೇ, ಅಂಗಡಿ ಒಂದೇ, ಕುರಿ ಒಂದೇ. ಮಾಂಸದಲ್ಲಿಯೇ ವಿಷವಿದ್ದಿದ್ದರೆ ಮಧ್ಯಾಹ್ನ ಉಂಡವರಿಗೂ ಆಗಬೇಕಿತ್ತು. ಕಾಯಿಲೆ ಬಂದದ್ದು ರಾತ್ರಿ ತಿಂದವರಿಗೆ ಮಾತ್ರ. ಅಂದರೆ ಏನೋ ನಡೆದಿದ್ದು ಮಧ್ಯಾಹ್ನ ಎರಡರಿಂದ ರಾತ್ರಿ ಒಂಬತ್ತೂವರೆಯ ನಡುವೆ, ಅಂಗಡಿಯಲ್ಲಲ್ಲ, ಅಡುಗೆಮನೆಯಲ್ಲಿ. ಯಾರೂ ಮಲ ಪರೀಕ್ಷೆ ಮಾಡಿಸಿರಲಿಲ್ಲ. ಹಾಗಾಗಿ ಇಂಥದ್ದೇ ಸೂಕ್ಷ್ಮಜೀವಿ ಎಂದು ನಾವು ಖಚಿತವಾಗಿ ಹೇಳುವುದಿಲ್ಲ. ಆದರೆ ದೊಡ್ಡ ಪಾತ್ರೆ, ಮಾಂಸದ ಸಾರು, ನಿಧಾನವಾಗಿ ಆರಿದ್ದು, ತಿಂದ ಎಂಟೊಂಬತ್ತು ಗಂಟೆಗೆ ಹೊಟ್ಟೆ ನುಲಿತ, ಇಷ್ಟೂ ಒಂದು ಪರಿಚಿತ ಆರೋಪಿಯ ಕಡೆಗೆ ಬೆರಳು ತೋರಿಸುತ್ತವೆ.

ಕುದಿಸಿದರೂ ಸಾಯದ ಜೀವಿ

ಅದರ ಹೆಸರು ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್. ಮಣ್ಣಿನಲ್ಲಿ, ಪ್ರಾಣಿಗಳ ಕರುಳಿನಲ್ಲಿ, ನಮ್ಮ ಕರುಳಿನಲ್ಲೂ ಇರುವ ಬ್ಯಾಕ್ಟೀರಿಯಾ. ಹಸಿ ಮಾಂಸದಲ್ಲಿ ಸ್ವಲ್ಪ ಇರುವುದು ಮಾಮೂಲಿ. ಮಸಾಲೆ ಪದಾರ್ಥಗಳ ಜೊತೆಗೂ ಬರಬಹುದು. ಅಂಗಡಿ ಎಷ್ಟೇ ಸ್ವಚ್ಛವಾಗಿದ್ದರೂ ಇದನ್ನು ಪೂರ್ತಿ ತಪ್ಪಿಸಲು ಆಗುವುದಿಲ್ಲ.

ಇದರ ವಿಶೇಷ ಏನೆಂದರೆ, ಕಷ್ಟಕಾಲ ಬಂದರೆ ಬೀಜದಂಥ ಒಂದು ಗಟ್ಟಿ ರೂಪ ತಾಳುತ್ತದೆ. ಇದಕ್ಕೆ ಸ್ಪೋರ್ ಎನ್ನುತ್ತಾರೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗೂ ಹೆಚ್ಚು ಎತ್ತರದಲ್ಲಿದೆ. ಹಾಗಾಗಿ ಇಲ್ಲಿ ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿಗಲ್ಲ, ಸುಮಾರು 97 ಡಿಗ್ರಿಗೆ ಕುದಿಯುತ್ತದೆ. ಈ ಬಿಸಿಗೆ ಬ್ಯಾಕ್ಟೀರಿಯಾ ಸಾಯುತ್ತದೆ, ಆದರೆ ಸ್ಪೋರ್‌ಗಳಲ್ಲಿ ಕೆಲವು ಉಳಿಯುತ್ತವೆ. ಅಷ್ಟೇ ಅಲ್ಲ, ಬಿಸಿ ತಾಗಿದ್ದೇ ಅವಕ್ಕೆ ಮೊಳೆಯಲು ಸೂಚನೆ. ಸಾರು ಕುದಿದಾಗ ಅದರೊಳಗಿನ ಆಮ್ಲಜನಕವೂ ಹೊರಹೋಗುತ್ತದೆ. ಆಮ್ಲಜನಕವಿಲ್ಲದ ಕಡೆ ಬೆಳೆಯುವ ಜೀವಿ ಇದು. ಪೈಪೋಟಿ ಕೊಡುವ ಬೇರೆ ಸೂಕ್ಷ್ಮಜೀವಿಗಳೂ ಕುದಿಯಲ್ಲಿ ಸತ್ತಿರುತ್ತವೆ. ಹದವಾದ ಹೊಲ ಸಿಕ್ಕಂತಾಯಿತು.

ಇದು ಸುಮಾರು 43ರಿಂದ 47 ಡಿಗ್ರಿ ಬಿಸಿಯಲ್ಲಿ ಅತಿ ವೇಗವಾಗಿ ಬೆಳೆಯುತ್ತದೆ. ಅಂದರೆ ಪಾತ್ರೆ ಮುಟ್ಟಿದರೆ "ಬೆಚ್ಚಗಿದೆ" ಎನಿಸುವ ಹದ. ಈ ಹದದಲ್ಲಿ ಹತ್ತು ನಿಮಿಷಕ್ಕೇ ಒಂದು ಎರಡಾಗಬಹುದು. ಲೆಕ್ಕ ಹಾಕಿ ನೋಡಿ. ಒಂದು ಗ್ರಾಂ ಸಾರಿನಲ್ಲಿ 10 ಇದ್ದವು ಎಂದುಕೊಳ್ಳಿ. ಒಂದು ಗಂಟೆಯಲ್ಲಿ ಆರು ಬಾರಿ ದುಪ್ಪಟ್ಟಾಗಿ 640. ಎರಡು ಗಂಟೆಗೆ ಸುಮಾರು 41 ಸಾವಿರ. ಮೂರು ಗಂಟೆಗೆ 26 ಲಕ್ಷ ದಾಟುತ್ತದೆ. ಗ್ರಾಂಗೆ ಹತ್ತು ಲಕ್ಷ ದಾಟಿದ ಆಹಾರದಿಂದ ಕಾಯಿಲೆ ಬರುವ ಸಾಧ್ಯತೆ ಹೆಚ್ಚು. ಎಲ್ಲವೂ ಅದಕ್ಕೆ ಅನುಕೂಲವಾಗಿದ್ದಾಗಿನ ಲೆಕ್ಕ ಇದು. ಆದರೂ ಏಳೂವರೆ ಗಂಟೆ ಎಷ್ಟು ದೀರ್ಘ ಎಂಬುದು ಇದರಿಂದ ಗೊತ್ತಾಗುತ್ತದೆ.

ಹೀಗೆ ಬೆಳೆದ ಬ್ಯಾಕ್ಟೀರಿಯಾ ಜೀವಂತವಾಗಿ ಹೊಟ್ಟೆ ಸೇರಿದರೆ ಕರುಳಿನಲ್ಲಿ ನಂಜು ಬಿಡುತ್ತದೆ. ತಿಂದ 6ರಿಂದ 24 ಗಂಟೆಯೊಳಗೆ ಹೊಟ್ಟೆ ನುಲಿತ, ಭೇದಿ ಶುರು. ವಾಂತಿ, ಜ್ವರ ಸಾಮಾನ್ಯವಾಗಿ ಇರುವುದಿಲ್ಲ. ಬಹಳಷ್ಟು ಜನರಿಗೆ ಒಂದು ದಿನದಲ್ಲಿ ಸರಿಹೋಗುತ್ತದೆ. ಮಕ್ಕಳು, ವಯಸ್ಸಾದವರಿಗೆ ಮೈಯ ನೀರು ಕಡಿಮೆಯಾಗಿ ತೊಂದರೆ ಹೆಚ್ಚಬಹುದು.

ಇದು ನಮ್ಮ ಹೊಸತೊಡಕಿಗೆ ಮಾತ್ರ ಅಂಟಿದ ತೊಂದರೆಯಲ್ಲ. 1953ರಲ್ಲಿ ಬ್ರಿಟನ್ನಿನ ಬೆಟ್ಟಿ ಹಾಬ್ಸ್ ಮತ್ತು ಸಂಗಡಿಗರು ಈ ಕಾಯಿಲೆಯ ಹಿಂದಿನ ಕಥೆಯನ್ನು ವಿವರವಾಗಿ ದಾಖಲಿಸಿದರು. ಅಲ್ಲಿಯೂ ಹಿಂದಿನ ದಿನ ಬೇಯಿಸಿ, ನಿಧಾನವಾಗಿ ಆರಲು ಬಿಟ್ಟ ಮಾಂಸವೇ ಮುಖ್ಯ ಕಾರಣವಾಗಿತ್ತು. ಅಮೆರಿಕದಲ್ಲಿ ಇದರಿಂದ ವರ್ಷಕ್ಕೆ ಸುಮಾರು ಹತ್ತು ಲಕ್ಷ ಜನ ಹುಷಾರು ತಪ್ಪುತ್ತಾರೆ ಎಂಬ ಅಂದಾಜಿದೆ. ಅಲ್ಲಿ ನವೆಂಬರ್, ಡಿಸೆಂಬರ್ ಹಬ್ಬದ ತಿಂಗಳುಗಳಲ್ಲಿ ಇಂಥ ಪ್ರಕರಣ ಹೆಚ್ಚು. ಅವರಿಗೆ ಟರ್ಕಿ ಕೋಳಿ, ಬೀಫ್ ರೋಸ್ಟ್. ನಮಗೆ ಮಟನ್ ಸಾರು. ಹಬ್ಬ ಬೇರೆ, ದೊಡ್ಡ ಪಾತ್ರೆ ಮಾತ್ರ ಒಂದೇ.

ಈಗ ನಮಗೆ ಬರುವ ಫಾರ್ವರ್ಡ್‌ಗಳನ್ನು ಒಂದೊಂದಾಗಿ ನೋಡೋಣ.

"ಬಿಸಿ ಸಾರನ್ನು ಫ್ರಿಜ್‌ಗೆ ಇಡಬೇಡಿ, ರಾತ್ರಿಯಿಡೀ ಆರಲು ಬಿಡಿ"

ಇದು ತಪ್ಪು, ಮತ್ತು ಈ ಪಟ್ಟಿಯಲ್ಲಿ ಅತಿ ಅಪಾಯಕಾರಿಯಾದದ್ದು. ಮಾರ್ಚ್, ಏಪ್ರಿಲ್ ಬೆಂಗಳೂರಿಗೆ ಅತಿ ಬಿಸಿಯ ತಿಂಗಳುಗಳು. ಅಡುಗೆಮನೆಯಲ್ಲಿ ಇಟ್ಟ ಹತ್ತು ಲೀಟರ್ ಪಾತ್ರೆಯ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ.

ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ, ಅಂದರೆ ಎಫ್ಎಸ್ಎಸ್ಎಐ, ಹೋಟೆಲ್‌ಗಳಿಗೆ ಹೇಳುವ ಲೆಕ್ಕ ಹೀಗಿದೆ: ಬೇಯಿಸಿದ ಆಹಾರ 60 ಡಿಗ್ರಿಯಿಂದ 21 ಡಿಗ್ರಿಗೆ ಎರಡು ಗಂಟೆಯೊಳಗೆ ಇಳಿಯಬೇಕು, ಅಲ್ಲಿಂದ 5 ಡಿಗ್ರಿಗೆ ಇನ್ನೆರಡು ಗಂಟೆಯೊಳಗೆ. ಮನೆಯಲ್ಲಿ ಥರ್ಮಾಮೀಟರ್ ಇಟ್ಟುಕೊಂಡು ಕೂರಬೇಕಿಲ್ಲ. ಊಟವಾದ ಎರಡು ಗಂಟೆಯೊಳಗೆ ಫ್ರಿಜ್ ಸೇರಬೇಕು ಎಂದು ನೆನಪಿಟ್ಟುಕೊಂಡರೆ ಸಾಕು. ಸೆಕೆ 32 ಡಿಗ್ರಿ ದಾಟಿದ ದಿನ ಒಂದೇ ಗಂಟೆ.

ಇಡೀ ಬಿಸಿ ಪಾತ್ರೆಯನ್ನು ಫ್ರಿಜ್‌ಗೆ ತುರುಕಬಾರದು ಎಂಬುದು ಮಾತ್ರ ಸರಿ. ಅಷ್ಟು ಬಿಸಿ ತೆಗೆಯಲು ಫ್ರಿಜ್‌ಗೆ ಬಹಳ ಹೊತ್ತು ಬೇಕು, ಅಷ್ಟರಲ್ಲಿ ಪಕ್ಕದ ಹಾಲು ಮೊಸರೂ ಬೆಚ್ಚಗಾಗುತ್ತದೆ. ಅದಕ್ಕೆ ಪರಿಹಾರ ರಾತ್ರಿಯಿಡೀ ಕಾಯುವುದಲ್ಲ, ಪಾತ್ರೆ ಬದಲಿಸುವುದು. ಸಾರನ್ನು ಎರಡು ಮೂರು ಇಂಚು ಆಳದ ಅಗಲ ಪಾತ್ರೆಗಳಿಗೆ ಹಂಚಿ. ಟಬ್‌ನಲ್ಲಿ ತಣ್ಣೀರು ತುಂಬಿ ಪಾತ್ರೆಗಳನ್ನು ಅದರಲ್ಲಿಡಿ. ಆಗಾಗ ಸೌಟಿನಿಂದ ತಿರುವಿ, ನೀರು ಬೆಚ್ಚಗಾದರೆ ಬದಲಿಸಿ. ಹಬೆ ನಿಂತು ಕೈಗೆ ಉಗುರುಬೆಚ್ಚಗೆ ಬಂದ ಕೂಡಲೇ ಫ್ರಿಜ್‌ಗೆ ಇಡಿ. ಬಿಸಿ ಮುದ್ದೆಯನ್ನು ತಟ್ಟೆಯಲ್ಲಿ ಮುರಿದಿಟ್ಟರೆ ಬೇಗ ಆರುತ್ತದಲ್ಲ, ಇದೂ ಅದೇ ಉಪಾಯ.

"ಚೆನ್ನಾಗಿ ಕುದಿಸಿದರೆ ಏನೂ ಆಗಲ್ಲ"

ಇದು ಅರ್ಧ ನಿಜ. ತಿನ್ನುವ ಮೊದಲು ಸಾರನ್ನು ತಳದಿಂದ ಮೇಲಿನವರೆಗೆ ಕುದಿಸಿದರೆ ಪರ್ಫ್ರಿಂಜೆನ್ಸ್ ಬ್ಯಾಕ್ಟೀರಿಯಾ ಸಾಯುತ್ತದೆ. ಆ ರಾತ್ರಿ ಹಿರಿಯಕ್ಕ ಹಾಗೆ ಮಾಡಿದ್ದರೆ ಅಪಾಯ ಬಹಳ ಕಡಿಮೆಯಾಗುತ್ತಿತ್ತು. "ಬಿಸಿ ತಾಗಿಸುವುದು" ಮತ್ತು "ಕುದಿಸುವುದು" ಒಂದೇ ಅಲ್ಲ.

ಆದರೆ ಎಲ್ಲ ಸೂಕ್ಷ್ಮಜೀವಿಗಳೂ ಹೀಗಲ್ಲ. ನಮ್ಮ ಮೂಗು, ಚರ್ಮ, ಕೈಯ ಗಾಯದಲ್ಲಿರುವ ಸ್ಟ್ಯಾಫಿಲೊಕಾಕಸ್ ಆಹಾರದಲ್ಲಿಯೇ ನಂಜು ಬಿಡುತ್ತದೆ. ಅನ್ನದಲ್ಲಿ ಬೆಳೆಯುವ ಬೆಸಿಲ್ಲಸ್ ಸೀರಿಯಸ್ ಕೂಡ ವಾಂತಿ ಬರಿಸುವ ನಂಜು ಬಿಡುತ್ತದೆ. ಈ ನಂಜುಗಳು ಕುದಿಗೆ ನಾಶವಾಗುವುದಿಲ್ಲ. ಹಾಗಾಗಿ ಬಿರಿಯಾನಿ, ಕುಷ್ಕ, ಉಳಿದ ಅನ್ನ ಹೊರಗಡೆ ರಾತ್ರಿ ಕಳೆದಿದ್ದರೆ ಬೆಳಿಗ್ಗೆ ಎಷ್ಟು ಬಿಸಿ ಮಾಡಿದರೂ ಪ್ರಯೋಜನವಿಲ್ಲ. ಮೂಳೆಯಿಂದ ಮಾಂಸ ಬಿಡಿಸುವಾಗ ಕೈ ತೊಳೆದಿರಬೇಕು ಎನ್ನುವುದೂ ಇದೇ ಕಾರಣಕ್ಕೆ.

ಫ್ರಿಜ್ ಇಲ್ಲದ ಕಾಲದಲ್ಲಿ ನಮ್ಮ ಅಜ್ಜಿಯರು ಸಾರನ್ನು ಬೆಳಿಗ್ಗೆ ಸಂಜೆ ಕುದಿ ಬರಿಸಿಡುತ್ತಿದ್ದರು. ಅದು ದಡ್ಡತನವಲ್ಲ. ಮೊಳೆತ ಬ್ಯಾಕ್ಟೀರಿಯಾ ಪ್ರತಿ ಕುದಿಗೂ ಸಾಯುತ್ತಿತ್ತು. ಆದರೆ ನಡುವಿನ ಹತ್ತು ಹನ್ನೆರಡು ಗಂಟೆ ಬೆಚ್ಚಗಿನ ಸಾರು ಅಪಾಯದ ಹದದಲ್ಲೇ ಇರುತ್ತಿತ್ತು. ಫ್ರಿಜ್ ಮನೆಯಲ್ಲಿದ್ದಾಗ ಆ ಅಪಾಯ ಮೈಮೇಲೆ ಎಳೆದುಕೊಳ್ಳುವ ಅಗತ್ಯವಿಲ್ಲ.

"ಮಾಂಸವನ್ನು ಮತ್ತೆ ಬಿಸಿ ಮಾಡಿದರೆ ಕ್ಯಾನ್ಸರ್"

ಇದು ಎರಡು ಬೇರೆ ಸುದ್ದಿಗಳನ್ನು ಹೊಲಿದು ಮಾಡಿದ ಫಾರ್ವರ್ಡ್. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಕುರಿ, ಆಡು, ದನ, ಹಂದಿಯಂಥ ಕೆಂಪು ಮಾಂಸವನ್ನು "ಬಹುಶಃ ಕ್ಯಾನ್ಸರ್‌ಕಾರಕ" ಗುಂಪಿಗೆ ಸೇರಿಸಿದ್ದು ನಿಜ. ಅದು ದೀರ್ಘಕಾಲ, ಹೆಚ್ಚು ಪ್ರಮಾಣದಲ್ಲಿ ತಿನ್ನುವುದರ ಬಗ್ಗೆ. ಮಾಂಸವನ್ನು ಕೆಂಡದ ಮೇಲೆ ಕಪ್ಪಗೆ ಸುಟ್ಟರೆ ಕೆಲವು ಹಾನಿಕಾರಕ ರಾಸಾಯನಿಕಗಳು ಹುಟ್ಟುತ್ತವೆ ಎನ್ನುವುದೂ ನಿಜ. ಆದರೆ ಅದಕ್ಕೆ ಬೇಕಾದ ಬಿಸಿ ಕುದಿಯುವ ನೀರಿಗಿಂತ ಬಹಳ ಹೆಚ್ಚು. ನಿನ್ನೆಯ ಸಾರನ್ನು ಇಂದು ಕುದಿಸಿದ್ದಕ್ಕೆ ಅದು ಕ್ಯಾನ್ಸರ್ ತರುವ ವಿಷವಾಗುವುದಿಲ್ಲ.

ಮತ್ತೆ ಮತ್ತೆ ಬಿಸಿ ಮಾಡಬಾರದು ಎನ್ನಲು ಬೇರೆ ಕಾರಣವಿದೆ. ಪ್ರತಿ ಬಾರಿ ಬಿಸಿ ಮಾಡಿ ಆರಿಸಿದಾಗಲೂ ಸಾರು ಆ ಬೆಚ್ಚಗಿನ ಹದವನ್ನು ದಾಟಬೇಕು. ಅದಕ್ಕೇ, ತಿನ್ನುವಷ್ಟನ್ನು ಮಾತ್ರ ಬೇರೆ ತೆಗೆದು, ಒಂದೇ ಬಾರಿ ಕುದಿಸಿ ಬಡಿಸಿ.

"ವಾಸನೆ ಬರದಿದ್ದರೆ ತಿನ್ನಬಹುದು"

ಇದು ತಪ್ಪು. ಹುಳಿ ವಾಸನೆ, ಲೋಳೆ ಬರಿಸುವ ಸೂಕ್ಷ್ಮಜೀವಿಗಳೇ ಬೇರೆ, ಕಾಯಿಲೆ ತರುವವೇ ಬೇರೆ. ಆ ರಾತ್ರಿ ಆ ಮನೆಯ ಸಾರು "ಘಮಘಮ ಅಂತಿತ್ತು" ಎಂದು ಎಲ್ಲರೂ ಹೇಳಿದರು. ವಾಸನೆ ಬಂದರೆ ಖಂಡಿತ ಚೆಲ್ಲಿ. ಬಾರದಿದ್ದರೆ ಮೂಗಿನ ಬದಲು ಗಡಿಯಾರ ನೋಡಿ.

ತದ್ವಿರುದ್ಧವಾಗಿ, ಫ್ರಿಜ್‌ನಲ್ಲಿ ಸರಿಯಾಗಿಯೇ ಇಟ್ಟ ಮಾಂಸಕ್ಕೆ ಮಾರನೇ ದಿನ ಒಂಥರಾ ಕಮಟು ಬರುವುದುಂಟು. ಮಾಂಸದ ಕೊಬ್ಬು ಗಾಳಿಯ ಆಮ್ಲಜನಕದ ಜೊತೆ ಸೇರಿ ಬರುವ ವಾಸನೆ ಅದು, ಸೂಕ್ಷ್ಮಜೀವಿಯಿಂದಲ್ಲ. ಬರಿ ಉಪ್ಪು ಹಾಕಿ ಬೇಯಿಸಿದ ಮಾಂಸದಲ್ಲಿ ಇದು ಹೆಚ್ಚು. ಲವಂಗ, ಚೆಕ್ಕೆ, ಶುಂಠಿ, ಬೆಳ್ಳುಳ್ಳಿ ಇದನ್ನು ತಡೆಯುವ ಗುಣ ಹೊಂದಿವೆ. ನಮ್ಮ ಮಸಾಲೆ ಸಾರು ಮಾರನೇ ದಿನವೂ ರುಚಿಯಾಗಿರಲು ಇದೂ ಒಂದು ಕಾರಣ.

"ಫ್ರಿಜ್‌ನಲ್ಲಿ ಸಾರು ಗಟ್ಟಿಯಾದರೆ ಕೆಮಿಕಲ್ ಹಾಕಿದ್ದಾರೆ ಎಂದರ್ಥ"

ಇದೂ ತಪ್ಪು. ಮೇಲೆ ಬಿಳಿ ಪದರವಾಗಿ ನಿಲ್ಲುವುದು ಕುರಿಯ ಕೊಬ್ಬು. ಅದರ ಕೆಳಗೆ ಅಲುಗಾಡುವ ಗಟ್ಟಿ ಸಾರು ಇದ್ದರೆ ಅದು ಜೆಲಾಟಿನ್. ಮಾಂಸದ ನಾರು, ಮೂಳೆ, ಕೀಲುಗಳಲ್ಲಿ ಕೊಲಾಜನ್ ಎಂಬ ಪ್ರೋಟೀನ್ ಇರುತ್ತದೆ. ನೀರಿನಲ್ಲಿ ಬಹಳ ಹೊತ್ತು ಬೆಂದಾಗ ಅದು ಕರಗಿ ಜೆಲಾಟಿನ್ ಆಗುತ್ತದೆ, ತಣ್ಣಗಾದರೆ ಹೆಪ್ಪುಗಟ್ಟುತ್ತದೆ. ಕಾಲು, ಕತ್ತಿನ ಭಾಗ ಹಾಕಿದ ಸಾರು ಹೆಚ್ಚು ಗಟ್ಟಿಯಾಗುವುದು ಇದಕ್ಕೇ. ಅದು ಕೆಮಿಕಲ್ ಅಲ್ಲ, ಚೆನ್ನಾಗಿ ಬೆಂದಿದೆ ಎಂಬುದರ ಗುರುತು. ಕೊಬ್ಬು ಕಡಿಮೆ ಬೇಕೆನ್ನುವವರಿಗೆ ಇದೊಂದು ಅನುಕೂಲ: ಬಿಸಿ ಮಾಡುವ ಮೊದಲೇ ಮೇಲಿನ ಬಿಳಿ ಪದರವನ್ನು ಚಮಚದಿಂದ ತೆಗೆಯಬಹುದು.

"ಕಾಲು ಸೂಪ್ ಕುಡಿದರೆ ಮುರಿದ ಮೂಳೆ ಕೂಡುತ್ತದೆ"

ಕಾಲು ಸೂಪ್ ರುಚಿಯಾದದ್ದು, ಹಸಿವು ಇಲ್ಲದವರಿಗೂ ಇಳಿಯುತ್ತದೆ, ಸ್ವಲ್ಪ ಪ್ರೋಟೀನೂ ಸಿಗುತ್ತದೆ. ಆದರೆ ಮೂಳೆಯ ಸುಣ್ಣ, ಅಂದರೆ ಕ್ಯಾಲ್ಸಿಯಂ, ನೀರಿಗೆ ಬಿಡುವುದು ಬಹಳ ಕಡಿಮೆ. ಕುಡಿದ ಜೆಲಾಟಿನ್ ನೇರವಾಗಿ ನಮ್ಮ ಮೂಳೆಗೆ ಹೋಗಿ ಅಂಟುವುದೂ ಇಲ್ಲ. ಬೇರೆ ಪ್ರೋಟೀನ್‌ಗಳಂತೆ ಅದೂ ಜೀರ್ಣವಾಗಿ ಚೂರಾಗುತ್ತದೆ. ಕ್ಯಾಲ್ಸಿಯಂ ಬೇಕಿದ್ದರೆ ಸೂಪ್ ಲೋಟಕ್ಕಿಂತ ಪಕ್ಕದ ತಟ್ಟೆ ನೋಡಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ.

"ಮಾಂಸ ತಿಂದು ಹಾಲು ಮೊಸರು ತಿಂದರೆ ತೊನ್ನು ಬರುತ್ತದೆ"

ತೊನ್ನು ಊಟದ ಜೋಡಿಯಿಂದ ಬರುವುದಿಲ್ಲ. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳ ಮೇಲೆ ನಮ್ಮದೇ ದೇಹದ ರಕ್ಷಣಾ ವ್ಯವಸ್ಥೆ ದಾಳಿ ಮಾಡುವುದರಿಂದ ಬರುವಂಥದ್ದು. ಅದು ಅಂಟುವುದೂ ಇಲ್ಲ. ಬಿರಿಯಾನಿಗೆ ಮಾಂಸವನ್ನು ಮೊಸರಿನಲ್ಲಿ ನೆನೆಸಿಯೇ ಮಾಡುತ್ತೇವೆ ಎಂಬುದನ್ನೂ ನೆನಪಿಸಿಕೊಳ್ಳಿ.

ಅಂಗಡಿಯಿಂದ ಫ್ರಿಜ್‌ವರೆಗೆ: ಏನು ಮಾಡಬೇಕು?

ಮಾಂಸ ತಂದ ಕೂಡಲೇ ಅಡುಗೆ ಮಾಡುವುದಿಲ್ಲವಾದರೆ ಫ್ರಿಜ್‌ನ ಕೆಳಗಿನ ತಟ್ಟೆಯಲ್ಲಿ, ಮುಚ್ಚಿದ ಡಬ್ಬಿಯಲ್ಲಿಡಿ. ಅದರ ನೀರು ತರಕಾರಿ, ಹಾಲಿನ ಮೇಲೆ ತೊಟ್ಟಿಕ್ಕಬಾರದು. ಮೂಳೆ ಚೂರು ತೆಗೆಯಲು ತೊಳೆಯಬೇಕೆನಿಸಿದರೆ ಜೋರು ನಲ್ಲಿಯ ಕೆಳಗೆ ಹಿಡಿಯಬೇಡಿ, ಹನಿ ಸಿಡಿದು ಸುತ್ತಲಿನ ಲೋಟ ತಟ್ಟೆಗಳಿಗೆ ಸೂಕ್ಷ್ಮಜೀವಿ ಹರಡುತ್ತದೆ. ಪಾತ್ರೆಯಲ್ಲಿ ನೀರು ತುಂಬಿ ಮೆಲ್ಲಗೆ ಜಾಲಿಸಿ, ಸಿಂಕ್ ಮತ್ತು ಕೈಯನ್ನು ಸೋಪಿನಿಂದ ತೊಳೆಯಿರಿ. ಹಸಿ ಮಾಂಸದ ಚಾಕು, ಮಣೆಯಲ್ಲಿ ಈರುಳ್ಳಿ, ಸೌತೆಕಾಯಿ ಹೆಚ್ಚಬೇಡಿ.

ಈಗ ಕೆಲವು ಮನೆಗಳಲ್ಲಿ ಅವನ್ ಬಂದಿದೆ. ಕುರಿಮರಿಯ ಇಡೀ ತೊಡೆಯನ್ನು ರೋಸ್ಟ್ ಮಾಡುತ್ತಾರೆ. ಇಡೀ ತುಂಡಿನ ಮಾಂಸಕ್ಕೆ ನಡುಭಾಗ ಕನಿಷ್ಠ 63 ಡಿಗ್ರಿ ತಲುಪಿ ಮೂರು ನಿಮಿಷ ಬಿಡಬೇಕು, ಕೈಮಾಗೆ 71 ಡಿಗ್ರಿ ಎನ್ನುವುದು ಅಮೆರಿಕದ ಕೃಷಿ ಇಲಾಖೆಯ ಲೆಕ್ಕ. ಕೈಮಾಗೆ ಹೆಚ್ಚು ಯಾಕೆಂದರೆ, ಅರೆಯುವಾಗ ಹೊರಮೈಯ ಸೂಕ್ಷ್ಮಜೀವಿ ಒಳಗೆಲ್ಲ ಬೆರೆಯುತ್ತದೆ. ನಮ್ಮಂತೆ ಮೂಳೆಯಿಂದ ಕಳಚಿ ಬರುವಷ್ಟು ಬೇಯಿಸುವವರು ಈ ಬಿಸಿಯನ್ನು ಎಂದೋ ದಾಟಿರುತ್ತಾರೆ. ಮುಖ್ಯವಾದದ್ದು ಉಳಿದ ರೋಸ್ಟ್. ಅದನ್ನು ಇಡಿಯಾಗಿ ಬಿಡಬೇಡಿ. ಎರಡು ಗಂಟೆಯೊಳಗೆ ಮೂಳೆಯಿಂದ ಬಿಡಿಸಿ, ತೆಳ್ಳಗೆ ಹೆಚ್ಚಿ, ತಟ್ಟೆಯಲ್ಲಿ ಹರಡಿ ಆರಿಸಿ, ಡಬ್ಬಿಯಲ್ಲಿ ಹಾಕಿ ಫ್ರಿಜ್‌ಗೆ ಇಡಿ.

ಫ್ರಿಜ್‌ನಲ್ಲಿಟ್ಟ ಬೇಯಿಸಿದ ಮಾಂಸ ಮೂರು ನಾಲ್ಕು ದಿನದೊಳಗೆ ಮುಗಿಯಬೇಕು. ಅಷ್ಟರಲ್ಲಿ ಮುಗಿಯದು ಎನಿಸಿದರೆ ಮೊದಲ ದಿನವೇ ಫ್ರೀಜರ್‌ಗೆ ಹಾಕಿ, ಡಬ್ಬಿಯ ಮೇಲೆ ತಾರೀಕು ಬರೆಯಿರಿ. ಫ್ರೀಜರ್ ಸೂಕ್ಷ್ಮಜೀವಿಯನ್ನು ಕೊಲ್ಲುವುದಿಲ್ಲ, ಬೆಳೆಯದಂತೆ ನಿಲ್ಲಿಸುತ್ತದೆ ಅಷ್ಟೇ. ಹಾಗಾಗಿ ಹಿಂದಿನ ರಾತ್ರಿಯೇ ಫ್ರಿಜ್‌ನ ಕೆಳಭಾಗಕ್ಕೆ ಇಳಿಸಿ ಕರಗಿಸಿ, ಕಟ್ಟೆಯ ಮೇಲಿಟ್ಟು ಕರಗಿಸಬೇಡಿ. ಬೇಸಿಗೆಯಲ್ಲಿ ಕರೆಂಟ್ ಹೋದರೆ ಬಾಗಿಲು ತೆರೆಯದ ಫ್ರಿಜ್ ಸುಮಾರು ನಾಲ್ಕು ಗಂಟೆ ತಣ್ಣಗಿರುತ್ತದೆ. "ಕೆಟ್ಟಿದೆಯಾ ನೋಡೋಣ" ಎಂದು ಪದೇ ಪದೇ ತೆರೆದರೆ ಅಷ್ಟೂ ಇರುವುದಿಲ್ಲ.

ಹೀಗೆ ಜೋಪಾನ ಮಾಡಿದ ಸಾರು ಮಾರನೇ ಬೆಳಿಗ್ಗೆ ದೋಸೆ, ಇಡ್ಲಿಗೆ ಜೊತೆಯಾಗುತ್ತದೆ. ಮಧ್ಯಾಹ್ನ ಹೊಸದಾಗಿ ಮುದ್ದೆ ಕಟ್ಟಿ ಉಣ್ಣಬಹುದು. ಸಾರು ಖಾಲಿಯಾಗಿ ತುಂಡು ಮಾತ್ರ ಉಳಿದರೆ ಈರುಳ್ಳಿ, ಕರಿಬೇವು, ಕಾಳುಮೆಣಸು ಹಾಕಿ ಬಾಣಲೆಯಲ್ಲಿ ಹುರಿದರೆ ಇನ್ನೊಂದು ಹೊತ್ತಿಗಾಯಿತು. ಅಕ್ಕಿ ತೊಳೆದು ಹಾಕಿ ಸಾರಿನಲ್ಲೇ ಬೇಯಿಸಿದರೆ ಪಲಾವ್.

ಹಸಿ ಮಾಂಸವೇ ಹೆಚ್ಚು ಉಳಿದರೆ? ಮಂಡ್ಯ, ರಾಮನಗರ ಕಡೆ ಹತ್ತಾರು ಮನೆಯವರು ಚೀಟಿ ಹಾಕಿ ಕುರಿ ತಂದು, ತಲೆ, ಕಾಲು, ಬೋಟಿ, ಈಲಿ ಎಲ್ಲವನ್ನೂ ಸಮನಾಗಿ ಗುಡ್ಡೆ ಹಾಕಿ ಹಂಚಿಕೊಳ್ಳುವ ಗುಡ್ಡೆ ಮಾಂಸದ ಪದ್ಧತಿ ಇದೆ. ಹೀಗೆ ಒಮ್ಮೆಗೇ ಹೆಚ್ಚು ಮಾಂಸ ಬಂದಾಗ ಹಿಂದಿನವರು ಉಪ್ಪುಕಂಡ ಮಾಡುತ್ತಿದ್ದರು. ಮಾಂಸವನ್ನು ತೆಳ್ಳಗೆ ಸೀಳಿ, ಉಪ್ಪು, ಅರಿಶಿನ, ಖಾರ ಹಚ್ಚಿ, ದಾರಕ್ಕೆ ಪೋಣಿಸಿ ಬಿಸಿಲಿಗೆ ಒಣಗಿಸುವುದು. ಉಪ್ಪು ಮತ್ತು ಬಿಸಿಲು ಎರಡೂ ಸೇರಿ ಮಾಂಸದ ನೀರನ್ನು ಎಳೆಯುತ್ತವೆ, ನೀರಿಲ್ಲದ ಕಡೆ ಬ್ಯಾಕ್ಟೀರಿಯಾ ಬೆಳೆಯಲಾರದು. ಮೋಡ ಕವಿದ ದಿನ, ದೂಳು ನೊಣಗಳ ಬಾಲ್ಕನಿಯಲ್ಲಿ ಇದಕ್ಕೆ ಕೈ ಹಾಕುವುದಕ್ಕಿಂತ ಫ್ರೀಜರ್ ವಾಸಿ.

ಹೊಟ್ಟೆ ಕೆಟ್ಟರೆ?

ಮೊದಲ ಔಷಧಿ ಓಆರ್‌ಎಸ್. ಪ್ಯಾಕೆಟ್ ಮೇಲೆ ಬರೆದಷ್ಟು ನೀರಿಗೆ ಪೂರ್ತಿ ಪ್ಯಾಕೆಟ್ ಬೆರೆಸಿ, ಗುಟುಕು ಗುಟುಕಾಗಿ ಕುಡಿಸಿ. ಭೇದಿ ನಿಲ್ಲಿಸುವ ಮಾತ್ರೆ, ಆ್ಯಂಟಿಬಯೋಟಿಕ್ ಮೆಡಿಕಲ್ ಶಾಪ್‌ನಿಂದ ನೀವೇ ತಂದು ಕೊಡಬೇಡಿ. ಮಲದಲ್ಲಿ ರಕ್ತ, ಜೋರು ಜ್ವರ, ನಿಲ್ಲದ ವಾಂತಿ, ಮೂತ್ರ ಕಡಿಮೆಯಾಗುವುದು, ತಲೆ ಸುತ್ತು ಕಂಡರೆ ತಡ ಮಾಡದೆ ವೈದ್ಯರ ಬಳಿ ಹೋಗಿ. ಚಿಕ್ಕ ಮಕ್ಕಳು, ವಯಸ್ಸಾದವರು, ಗರ್ಭಿಣಿಯರಾದರೆ ಇಷ್ಟರವರೆಗೂ ಕಾಯುವುದು ಬೇಡ.

ಜೊತೆಗೆ ಒಂದು ಚೀಟಿ ಬರೆದಿಡಿ: ಯಾರು, ಯಾವಾಗ, ಏನು ತಿಂದರು, ಯಾರಿಗೆ ಎಷ್ಟು ಹೊತ್ತಿಗೆ ಶುರುವಾಯಿತು. ವೈದ್ಯರಿಗೆ ಅದು ಉಪಯೋಗಕ್ಕೆ ಬರುತ್ತದೆ. ನಿಜವಾಗಿಯೂ ಅಂಗಡಿಯದೇ ತಪ್ಪಿದ್ದರೆ ದೂರು ಕೊಡಲೂ ಅದೇ ಆಧಾರ. ಕೆಟ್ಟ ಮಾಂಸ ಮಾರುವವರು ಇಲ್ಲವೇ ಇಲ್ಲ ಎಂದು ನಾವು ಹೇಳುತ್ತಿಲ್ಲ. ಆದರೆ ಅಂಥ ಅನುಮಾನಕ್ಕೆ ಜಾಗ ಆಹಾರ ಸುರಕ್ಷತಾ ಅಧಿಕಾರಿಯ ಬಳಿ, ವಾಟ್ಸ್ಆ್ಯಪ್ ಗುಂಪಿನಲ್ಲಿ ಅಲ್ಲ.

ಕೊನೆಯದಾಗಿ

ನಾವು ಬರೆದುಕೊಂಡ ಚೀಟಿಯನ್ನು ಆ ಮನೆಯವರಿಗೆ ತೋರಿಸಿದಾಗ ಹಿರಿಯಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಂಗಾದ್ರೆ ತಪ್ಪು ನಂದೇನಾ?" ಎಂದರು. ನಾವು ಅದನ್ನು ಒಪ್ಪಲಿಲ್ಲ. 14 ಜನಕ್ಕೆ ಬೆಳಿಗ್ಗೆಯಿಂದ ನಿಂತು ಅಡುಗೆ ಮಾಡಿ, ಬಡಿಸಿ, ಕೊನೆಗೆ ತಾವು ಉಂಡವರು ಅವರು. ಆಮೇಲೆ ಹತ್ತು ಲೀಟರ್ ಸಾರನ್ನು ಹಂಚಿ ಆರಿಸಲು ಉಳಿದ 13 ಜನರಲ್ಲಿ ಯಾರಾದರೂ ಎದ್ದಿದ್ದರೆ ಸಾಕಿತ್ತು. "ಬಿಸಿ ಸಾರು ಫ್ರಿಜ್‌ಗೆ ಇಡಬೇಡ" ಎಂದು ಅವರಿಗೆ ಹೇಳಿಕೊಟ್ಟಿದ್ದೂ ಒಂದು ಫಾರ್ವರ್ಡೇ.

ಮಟನ್ ಅಂಗಡಿಯವರ ಬಗ್ಗೆ ಮೊದಲ ಸಂದೇಶ ಕಳಿಸಿದವರು ಅದೇ ಮನೆಯ ನೆಂಟರು. ವಿಷಯ ತಿಳಿದ ಮೇಲೆ ಅವರೇ ಗುಂಪಿನಲ್ಲಿ ಇನ್ನೊಂದು ಸಂದೇಶ ಹಾಕಿದರು: "ಅಣ್ಣನ ಅಂಗಡಿಯದು ತಪ್ಪಿಲ್ಲ, ಸಾರು ಹೊರಗೆ ಇಟ್ಟಿದ್ದರಿಂದ ಆಗಿರಬೇಕು, ತಿಳಿಯದೆ ಹೇಳಿದೆ." ಮೊದಲಿನದು ಹೋದಷ್ಟು ದೂರ ಇದು ಹೋಗಲಿಲ್ಲ. ತಿದ್ದುಪಡಿಗಳು ಅಷ್ಟು ಓಡುವುದಿಲ್ಲ. ಹಾಗಾಗಿ ಮುಂದಿನ ಹಬ್ಬಕ್ಕೆ ಮೊದಲೇ ನಿಮ್ಮ ಮನೆಯ ಗುಂಪಿಗೆ ಕಳಿಸಲು ಆಗುವಂತೆ ಚಿಕ್ಕದಾಗಿ ಇಲ್ಲಿ ಬರೆದಿದ್ದೇವೆ:

ಬಾಡೂಟ ಆದ ಎರಡು ಗಂಟೆಯೊಳಗೆ ಉಳಿದ ಸಾರನ್ನು ಅಗಲ ಪಾತ್ರೆಗಳಿಗೆ ಹಂಚಿ, ತಣ್ಣೀರಿನಲ್ಲಿಟ್ಟು ಆರಿಸಿ, ಫ್ರಿಜ್‌ಗೆ ಇಡಿ. ತಿನ್ನುವಷ್ಟನ್ನೇ ತೆಗೆದು ಒಂದು ಸಲ ಚೆನ್ನಾಗಿ ಕುದಿಸಿ. ಮೂರು ನಾಲ್ಕು ದಿನದಲ್ಲಿ ಮುಗಿಸಿ. ರಾತ್ರಿಯಿಡೀ ಹೊರಗಿದ್ದ ಅನ್ನ, ಬಿರಿಯಾನಿ, ಸಾರು ವಾಸನೆ ಬರದಿದ್ದರೂ ಬೇಡ. ಅಡುಗೆ ಮಾಡಿದವರು ಕೂತಿರಲಿ, ಉಂಡವರು ಎದ್ದು ಈ ಕೆಲಸ ಮಾಡಿ.